ಸಿಜೆಡ್ 75: ಜೆಕ್ ಪಿಸ್ತೂಲಿಗೆ ಲೋಕದ ತುಂಬ ಅಭಿಮಾನಿಗಳು ಯಾಕೆ?

ಅಮೆರಿಕದ ಕೋಲ್ಟ್ ಕಂಪನಿಯ ಹೆಸರು ಕೇಳದವರು ಕಡಿಮೆ. 2021ರಲ್ಲಿ ಆ ಕಂಪನಿಯನ್ನು ಕೊಂಡದ್ದು ಜೆಕ್ ಗಣರಾಜ್ಯದ ಒಂದು ಉದ್ಯಮ ಸಮೂಹ. ಮರುವರ್ಷ ಆ ಸಮೂಹ ತನ್ನ ಹೆಸರನ್ನೂ ಕೋಲ್ಟ್ ಸಿಜೆಡ್ ಗ್ರೂಪ್ ಎಂದು ಬದಲಿಸಿಕೊಂಡಿತು. ಬಂದೂಕುಗಳ ಬಗ್ಗೆ ಆಸಕ್ತಿ ಇಲ್ಲದವರಿಗೆ ಈ 'ಸಿಜೆಡ್' ಯಾರು ಎಂಬ ಪ್ರಶ್ನೆ ಎದ್ದದ್ದೇ ಆಗ. ಶೂಟಿಂಗ್ ಕ್ರೀಡೆಯವರಿಗೂ ಹಳೆ ಪಿಸ್ತೂಲು ಸಂಗ್ರಹಿಸುವವರಿಗೂ ಅದು ಹೊಸ ಹೆಸರಲ್ಲ. ಅವರ ಅಭಿಮಾನಕ್ಕೆಲ್ಲ ಕೇಂದ್ರವಾಗಿರುವುದು 1975ರಲ್ಲಿ ಹೊರಬಂದ ಒಂದು ಮಾದರಿ, ಸಿಜೆಡ್ 75. ಅದಕ್ಕೆ ಈಗ ಐವತ್ತು ತುಂಬಿದೆ. ಅದರಲ್ಲಿ ಅಂಥದ್ದೇನಿದೆ, ಅದು ಎಲ್ಲಿಂದ ಬಂತು, ಬೇರೆ ದೇಶಗಳ ಕಾರ್ಖಾನೆಗಳು ಅದನ್ನು ಇಷ್ಟು ಸಲೀಸಾಗಿ ನಕಲು ಮಾಡಿದ್ದು ಹೇಗೆ ಎಂಬುದನ್ನು ಬುಡದಿಂದ ನೋಡೋಣ.

ಮೊದಲು ಪಿಸ್ತೂಲು ಕೆಲಸ ಮಾಡುವ ಬಗೆ

ಹಿಡಿಕೆ ಮತ್ತು ಟ್ರಿಗರ್ ಇರುವ ಕೆಳಭಾಗಕ್ಕೆ ಫ್ರೇಮ್ ಎನ್ನುತ್ತಾರೆ. ಅದರ ಮೇಲೆ ಹಿಂದೆ ಮುಂದೆ ಜಾರುವ ಉದ್ದನೆಯ ಉಕ್ಕಿನ ಭಾಗ ಸ್ಲೈಡ್. ಸ್ಲೈಡಿನೊಳಗೆ ಬ್ಯಾರಲ್, ಬ್ಯಾರಲಿನ ಕೆಳಗೆ ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವ ಸ್ಪ್ರಿಂಗ್. ಕಾಡತೂಸುಗಳನ್ನು ಪೇರಿಸಿಟ್ಟ ಮ್ಯಾಗಜಿನ್ ಹಿಡಿಕೆಯೊಳಗೆ ಕೂರುತ್ತದೆ. ಹಿಂಬದಿಯಲ್ಲಿ ಹ್ಯಾಮರ್; ಅದು ಬಡಿದಾಗ ಫೈರಿಂಗ್ ಪಿನ್ ಮುಂದಕ್ಕೆ ನುಗ್ಗಿ ಕಾಡತೂಸಿನ ಬುಡಕ್ಕೆ ತಾಕುತ್ತದೆ.

ಕಾಡತೂಸು ಸಿಡಿದಾಗ ಅನಿಲದ ಒತ್ತಡ ಗುಂಡನ್ನು ಮುಂದಕ್ಕೆ ದೂಡುವಾಗಲೇ ಖಾಲಿ ಚಿಪ್ಪನ್ನು ಹಿಂದಕ್ಕೂ ಒತ್ತುತ್ತದೆ. ಸಣ್ಣ ಕಾಡತೂಸಾದರೆ ಸ್ಲೈಡಿನ ಭಾರ ಮತ್ತು ಸ್ಪ್ರಿಂಗಿನ ಬಿಗಿಯೇ ಆ ಒತ್ತಡವನ್ನು ತಡೆದುಕೊಳ್ಳುತ್ತವೆ. ಇದು ಬ್ಲೋಬ್ಯಾಕ್ ಪದ್ಧತಿ. ಸೈನ್ಯಗಳು ಬಳಸುವ 9 ಎಂಎಂ ಪ್ಯಾರಾಬೆಲಮ್‌ನಂಥ ಜೋರಿನ ಕಾಡತೂಸಿಗೆ ಇಷ್ಟು ಸಾಲದು. ಗುಂಡು ಬ್ಯಾರಲನ್ನು ಬಿಟ್ಟು ಹೊರಡುವವರೆಗೆ ಬ್ಯಾರಲ್ ಮತ್ತು ಸ್ಲೈಡ್ ಒಂದಕ್ಕೊಂದು ಕಚ್ಚಿಕೊಂಡಿರಬೇಕು. ಹೀಗೆ ಕಚ್ಚಿಕೊಂಡೇ ಎರಡೂ ಕೆಲವು ಮಿಲಿಮೀಟರ್ ಹಿಂದೆ ಸರಿಯುತ್ತವೆ. ಆಮೇಲೆ ಬ್ಯಾರಲಿನ ಹಿಂತುದಿ ಕೆಳಗಿಳಿದು ಬಿಡಿಸಿಕೊಳ್ಳುತ್ತದೆ. ಸ್ಲೈಡ್ ಒಂದೇ ಹಿಂದಕ್ಕೆ ಹೋಗಿ, ಚಿಪ್ಪನ್ನು ಹೊರಗೆಸೆದು, ವಾಪಸು ಬರುವಾಗ ಹೊಸ ಕಾಡತೂಸನ್ನು ಒಳಗೆ ತಳ್ಳುತ್ತದೆ. ಇಂದಿನ ಹೆಚ್ಚಿನ 9 ಎಂಎಂ ಪಿಸ್ತೂಲುಗಳು ಈ ದಾರಿಯನ್ನೇ ಹಿಡಿದಿವೆ. ಸಿಜೆಡ್ 75 ಕೂಡ ಅವುಗಳಲ್ಲೊಂದು.

75ಕ್ಕೂ ಮುಂಚಿನ ಐವತ್ತು ವರ್ಷ

1918ರಲ್ಲಿ ಜೆಕೊಸ್ಲೊವಾಕಿಯಾ ಹುಟ್ಟಿದಾಗ ಅದರ ಸೈನ್ಯಕ್ಕೆ ತನ್ನದೆನ್ನುವ ಪಿಸ್ತೂಲು ಇರಲಿಲ್ಲ. ಜರ್ಮನಿಯ ಮೌಸರ್ ಕಂಪನಿಯ ಎಂಜಿನಿಯರ್ ಯೋಸೆಫ್ ನಿಕ್ಲ್ ರಚಿಸಿದ ವಿನ್ಯಾಸವೊಂದನ್ನು ಅಲ್ಲಿ ಮೊದಲು ತಯಾರಿಸಿದರು. ವಿಜೆಡ್ 22, ವಿಜೆಡ್ 24 ಬಂದದ್ದು ಅದರಿಂದ. ('ವಿಜೆಡ್' ಎಂದರೆ ಮಾದರಿ, ಅದರ ಮುಂದಿನ ಅಂಕಿ ವರ್ಷ.) ವಿಜೆಡ್ 24ರ ಕಾಡತೂಸು ಸಣ್ಣದು, 9 ಎಂಎಂ ಶಾರ್ಟ್. ಅದಕ್ಕೆ ಬ್ಲೋಬ್ಯಾಕ್ ಧಾರಾಳವಾಗಿ ಸಾಕಾಗುತ್ತಿತ್ತು. ಆದರೂ ಬ್ಯಾರಲ್ ತಿರುಗಿ ಬೀಗ ಹಾಕಿಕೊಳ್ಳುವ ದುಬಾರಿ ಏರ್ಪಾಡನ್ನು ಅದರಲ್ಲಿ ಉಳಿಸಿಕೊಂಡಿದ್ದರು. ಫ್ರಾಂಟಿಶೆಕ್ ಮಿಶ್ಕ ಎಂಬ ವಿನ್ಯಾಸಕಾರ ಆ ಬೀಗವನ್ನು ತೆಗೆದು, 7.65 ಎಂಎಂ ಕಾಡತೂಸಿಗೆ ಹೊಂದಿಸಿ, ಸರಳವಾದ ವಿಜೆಡ್ 27 ಮಾಡಿದರು. ಬೇಡದ್ದನ್ನು ಬಿಡುವ ಈ ಗುಣ ಮುಂದಿನ ಜೆಕ್ ವಿನ್ಯಾಸಗಳಲ್ಲೂ ಆಗಾಗ ಕಾಣುತ್ತದೆ.

ಆಗ ಪಿಸ್ತೂಲುಗಳು ತಯಾರಾಗುತ್ತಿದ್ದದ್ದು ಸ್ಟ್ರಕೋನಿಟ್ಸೆ ಎಂಬ ಊರಿನ ಚೆಸ್ಕಾ ಜ್ಬ್ರೊಯೊವ್ಕಾ ಕಾರ್ಖಾನೆಯಲ್ಲಿ. ಸಿಜೆಡ್ ಎಂಬುದು ಈ ಹೆಸರಿನ ಮೊದಲಕ್ಷರಗಳು. 1930ರ ದಶಕದಲ್ಲಿ ಜರ್ಮನಿಯಿಂದ ದಾಳಿಯಾಗುವ ಭಯ ಹೆಚ್ಚಿದಾಗ ಶಸ್ತ್ರ ಕಾರ್ಖಾನೆಗಳನ್ನು ಆ ಗಡಿಯಿಂದ ದೂರ ಸಾಗಿಸಲು ಸರ್ಕಾರ ಮುಂದಾಯಿತು. 1936ರಲ್ಲಿ ದೇಶದ ಪೂರ್ವಕ್ಕಿರುವ ಮೊರಾವಿಯಾದ ಉಹೆರ್ಸ್ಕಿ ಬ್ರೋದ್‌ನಲ್ಲಿ ಶಾಖೆಯೊಂದು ಶುರುವಾದದ್ದು ಹಾಗೆ. ಸಿಜೆಡ್ ಪಿಸ್ತೂಲುಗಳು ಇವತ್ತಿಗೂ ತಯಾರಾಗುವುದು ಅಲ್ಲೇ.

ಯುದ್ಧ ಮುಗಿದು ಕಮ್ಯುನಿಸ್ಟ್ ಆಡಳಿತ ಬಂದ ಮೇಲೆ ಸೈನ್ಯ ಸೋವಿಯತ್ ಒಕ್ಕೂಟದ 7.62 ಎಂಎಂ ಟೊಕರೆವ್ ಕಾಡತೂಸಿಗೆ ಬದಲಾಯಿತು. ಕಾಡತೂಸು ಸೋವಿಯತ್ತಿನದಾದರೂ ಪಿಸ್ತೂಲು ಮಾತ್ರ ಅಲ್ಲಿಂದ ಬರಲಿಲ್ಲ. 1952ರಲ್ಲಿ ಕ್ರಟೊಖ್ವೀಲ್ ಸಹೋದರರು ವಿನ್ಯಾಸ ಮಾಡಿದ ವಿಜೆಡ್ 52 ಸೇವೆಗೆ ಸೇರಿತು. ಅದರ ಬೀಗದ ಕೆಲಸ ಎರಡು ಪುಟ್ಟ ಉರುಳೆಗಳದು. ಇಷ್ಟು ಗಟ್ಟಿಯಾದ ಬೀಗವನ್ನು ಇಷ್ಟು ತೆಳ್ಳಗಿನ ಪಿಸ್ತೂಲಿನಲ್ಲಿ ಕೂರಿಸಿದ್ದನ್ನು ಸಂಗ್ರಾಹಕರು ಇವತ್ತಿಗೂ ಮೆಚ್ಚುತ್ತಾರೆ. ಆದರೆ ಹಿಡಿಕೆ ಅಷ್ಟು ಹಿತವಾಗಿಲ್ಲ, ಟ್ರಿಗರ್ ಒರಟು. ಕೈಗೆ ಒಗ್ಗುವ ಪಿಸ್ತೂಲು ಬರುವುದು ಇನ್ನೂ ಬಾಕಿ ಇತ್ತು.

ಕೌಟ್ಸ್ಕಿ ಸಹೋದರರ ಕೈಗೆ ಬಂದ ಕೆಲಸ

ಯೋಸೆಫ್ ಮತ್ತು ಫ್ರಾಂಟಿಶೆಕ್ ಕೌಟ್ಸ್ಕಿ ಸಹೋದರರು ದಶಕಗಳ ಕಾಲ ರೈಫಲ್, ರಿವಾಲ್ವರ್, ಸಬ್‌ಮಷಿನ್‌ಗನ್ ಎಲ್ಲವನ್ನೂ ವಿನ್ಯಾಸ ಮಾಡಿದವರು. ಜೆಡ್‌ಕೆಕೆ 600 ಬೇಟೆ ರೈಫಲ್, ಜೆಡ್‌ಕೆಆರ್ 551 ಸ್ಪರ್ಧಾ ರಿವಾಲ್ವರ್ ಅವರವೇ. ಆ ಹೆಸರುಗಳ ನಡುವಿನ 'ಕೆ' ನಿಂತಿರುವುದು ಕೌಟ್ಸ್ಕಿ ಮನೆತನಕ್ಕೆ. 1969ರಲ್ಲಿ, ಆಗಷ್ಟೇ ನಿವೃತ್ತರಾಗಿದ್ದ ಫ್ರಾಂಟಿಶೆಕ್ ಅವರನ್ನು ಕಾರ್ಖಾನೆ ವಾಪಸು ಕರೆದು 9 ಎಂಎಂ ಪ್ಯಾರಾಬೆಲಮ್ ಪಿಸ್ತೂಲು ಮಾಡಿಕೊಡಲು ಕೇಳಿತು. ತಮ್ಮ ಸೈನ್ಯ ಬಳಸುವ ಕಾಡತೂಸು ಅದಲ್ಲ. ಪಶ್ಚಿಮದ ದೇಶಗಳಿಗೆ ಮಾರಿ ವಿದೇಶಿ ಹಣ ಗಳಿಸುವುದು ಉದ್ದೇಶವಾಗಿತ್ತು. ಸೈನ್ಯದ ಷರತ್ತುಗಳ ಕಾಟವಿಲ್ಲದ್ದರಿಂದ ಮೊದಲ ಗೆರೆಯಿಂದಲೇ ತಮಗೆ ಸರಿ ಕಂಡಂತೆ ವಿನ್ಯಾಸ ಮಾಡುವ ಸ್ವಾತಂತ್ರ್ಯ ಅವರಿಗೆ ಸಿಕ್ಕಿತು.

ಬಿಡಿಬಿಡಿಯಾಗಿ ನೋಡಿದರೆ ಅವರ ಪಿಸ್ತೂಲಿನ ಬಹುಪಾಲು ಅಂಶಗಳು ಮೊದಲೇ ಬೇರೆಡೆ ಇದ್ದವು. ಬ್ಯಾರಲ್ ಬೀಗದ ರೀತಿ 1935ರ ಬೆಲ್ಜಿಯಂ ಪಿಸ್ತೂಲು ಬ್ರೌನಿಂಗ್ ಹೈಪವರ್‌ನದು. ಎರಡು ಸಾಲಾಗಿ ಕಾಡತೂಸು ಪೇರಿಸುವ ಅಗಲದ ಮ್ಯಾಗಜಿನ್ ಕೂಡ ಅಲ್ಲಿನದೇ; ಅದರಲ್ಲಿ 13 ಕಾಡತೂಸು ಹಿಡಿಯುತ್ತಿದ್ದವು, ಇದರಲ್ಲಿ 15. ಫ್ರೇಮಿನ ಒಳಗೆ ಸ್ಲೈಡ್ ಓಡುವ ಹಳಿಗಳು ಸ್ವಿಸ್ ಸೈನ್ಯದ ಸಿಗ್ ಪಿ210ನಲ್ಲಿದ್ದವು. ಹ್ಯಾಮರ್ ಎಳೆಯದೆಯೂ ಮೊದಲ ಗುಂಡು ಹಾರಿಸಬಹುದಾದ ಟ್ರಿಗರ್ ಜರ್ಮನಿಯ ವಾಲ್ಥರ್ ಪಿ38ರಲ್ಲಿ ಬಂದಿತ್ತು. ಇವನ್ನೆಲ್ಲ ಒಂದೇ ದೇಹದಲ್ಲಿ, ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರದಂತೆ, ಅದೂ ಕೈಗೆ ಇಷ್ಟು ಹೊಂದುವ ಹಿಡಿಕೆಯ ಮೇಲೆ ಕೂರಿಸಿದ್ದು ಕೌಟ್ಸ್ಕಿಯವರ ಸಾಧನೆ. ಯಾವುದನ್ನು ಯಾವುದರ ಜೊತೆ ಸೇರಿಸಬೇಕು ಎಂದು ಅವರು ಮಾಡಿದ ಆಯ್ಕೆಯಲ್ಲೇ ಸಿಜೆಡ್ 75ರ ಹೆಚ್ಚುಗಾರಿಕೆ ಇದೆ.

ಸ್ಲೈಡ್ ಒಳಗೆ, ಫ್ರೇಮ್ ಹೊರಗೆ

ಬೇರೆ ಪಿಸ್ತೂಲುಗಳ ನಡುವೆ ಸಿಜೆಡ್ 75 ಇಟ್ಟರೆ ಮೊದಲು ಕಣ್ಣಿಗೆ ಬೀಳುವುದು ಅದರ ಸ್ಲೈಡ್ ತೀರ ಗಿಡ್ಡಗಿರುವುದು. ಹೆಚ್ಚಿನ ಪಿಸ್ತೂಲುಗಳಲ್ಲಿ ಸ್ಲೈಡ್ ಫ್ರೇಮನ್ನು ಎರಡೂ ಬದಿಯಿಂದ ಹೊರಗಿನಿಂದ ತಬ್ಬಿಕೊಂಡು ಓಡುತ್ತದೆ. ಇಲ್ಲಿ ತಿರುವುಮುರುವು: ಮೇಜಿನೊಳಗಿನ ಡ್ರಾಯರಿನಂತೆ ಸ್ಲೈಡ್ ಫ್ರೇಮಿನ ಗೋಡೆಗಳ ಒಳಗೆ ಜಾರುತ್ತದೆ.

ಇದರ ಮೊದಲ ಪರಿಣಾಮ ಹಳಿಗಳ ಉದ್ದದ್ದು. ಫ್ರೇಮಿನ ಒಳಗೋಡೆಯ ಹೆಚ್ಚಿನ ಭಾಗಕ್ಕೆ ಹಳಿ ಕೊರೆಯಬಹುದಾದ್ದರಿಂದ ಸ್ಲೈಡ್ ಅಲುಗಾಡದೆ ನೇರವಾಗಿ ಓಡುತ್ತದೆ. ಎರಡನೆಯದು ಭಾರದ್ದು. ಹಿಂದೆ ಮುಂದೆ ಹೋಗುವ ಭಾಗ ಚಿಕ್ಕದು, ನಿಂತಲ್ಲೇ ಇರುವ ಫ್ರೇಮ್ ಭಾರದ್ದು. ಇಡೀ ಪಿಸ್ತೂಲು ಉಕ್ಕಿನದು, ಖಾಲಿ ಇದ್ದಾಗ ಸುಮಾರು ಒಂದು ಕಿಲೊ ತೂಗುತ್ತದೆ. ಬ್ಯಾರಲ್ ಸುಮಾರು 120 ಮಿಲಿಮೀಟರ್. ಹೀಗಾಗಿ ಹೊಡೆತದ ಅನುಭವ ಮೃದು, ಮೂತಿ ಮೇಲಕ್ಕೆ ಜಿಗಿಯುವುದೂ ಕಡಿಮೆ.

ಇಲ್ಲಿ ಅಭಿಮಾನಿಗಳ ಒಂದು ಮಾತನ್ನು ಸ್ವಲ್ಪ ತಿದ್ದಬೇಕು. ಗುರಿಯ ನಿಖರತೆ ಪೂರ್ತಿ ಈ ಹಳಿಗಳಿಂದಲೇ ಬಂದದ್ದೆಂದು ಹಲವರು ಹೇಳುತ್ತಾರೆ. ಗುರಿ ನೋಡುವ ಸೈಟ್‌ಗಳು ಇರುವುದು ಸ್ಲೈಡಿನ ಮೇಲೆ. ಹಾಗಾಗಿ ಪ್ರತಿ ಸಲವೂ ಬ್ಯಾರಲ್ ಸ್ಲೈಡಿನೊಳಗೆ ಅದೇ ಜಾಗಕ್ಕೆ ಬಂದು ಕೂರುವುದು ಮುಖ್ಯ, ಹಳಿಯ ಬಿಗುವು ಅದರ ನಂತರದ ಮಾತು. ಸಿಜೆಡ್ ಬ್ಯಾರಲ್ ಚೆನ್ನಾಗಿ ಬಿಗಿಯಾಗಿ ಕೂರುತ್ತದೆ. ನಿಖರತೆಯ ದೊಡ್ಡ ಪಾಲು ಅದಕ್ಕೆ ಸೇರಬೇಕು.

ಈ ರಚನೆಗೆ ಬೆಲೆಯೂ ಇದೆ. ಸ್ಲೈಡಿನ ಬಹುಭಾಗ ಫ್ರೇಮಿನೊಳಗೆ ಅಡಗಿರುವುದರಿಂದ ಬೆರಳಿಗೆ ಹಿಡಿಯಲು ಸಿಗುವ ಅಂಚು ಕಿರಿದು. ಕೈ ಬೆವರಿದ್ದರೆ, ಎಣ್ಣೆಯಾಗಿದ್ದರೆ ಸ್ಲೈಡ್ ಎಳೆಯುವಾಗ ಬೆರಳು ಜಾರುತ್ತದೆ. ಹೊಸಬರು ಮೊದಲು ದೂರುವುದೇ ಇದನ್ನು. ಹಳಿಗಳೊಳಗೆ ಕೊಳೆ ಸೇರಿದರೆ ಒರೆಸುವುದೂ ಸ್ವಲ್ಪ ಕಷ್ಟ.

ಟ್ರಿಗರ್: ಎರಡು ದಾರಿ

ಹ್ಯಾಮರ್ ಕೆಳಗಿದ್ದಾಗ ಟ್ರಿಗರ್ ಒತ್ತಿದರೆ ಆ ಒಂದೇ ಎಳೆತದಲ್ಲಿ ಹ್ಯಾಮರ್ ಹಿಂದೆ ಹೋಗಿ ಬಡಿಯುತ್ತದೆ. ಇದು ಡಬಲ್ ಆಕ್ಷನ್: ಎಳೆತ ಉದ್ದ, ನಾಲ್ಕೈದು ಕಿಲೊದಷ್ಟು ಬಲ ಬೇಕು. ಮೊದಲ ಗುಂಡು ಹಾರಿದ ಮೇಲೆ ಸ್ಲೈಡ್ ತಾನೇ ಹ್ಯಾಮರನ್ನು ಎತ್ತಿ ನಿಲ್ಲಿಸಿರುತ್ತದೆ. ಎರಡನೆಯದರಿಂದ ಟ್ರಿಗರ್ ಹಗುರ, ಎಳೆತ ಗಿಡ್ಡ. ಇದು ಸಿಂಗಲ್ ಆಕ್ಷನ್.

ಇಂಥ ಪಿಸ್ತೂಲುಗಳಲ್ಲಿ ಹೆಚ್ಚಿನವು ಮೊದಲ ಭಾರದ ಎಳೆತವನ್ನು ಕಡ್ಡಾಯ ಮಾಡಿಬಿಡುತ್ತವೆ. ಸುರಕ್ಷತೆಯ ಕೀಲು ಒತ್ತಿದ ಕೂಡಲೇ ಹ್ಯಾಮರ್ ಕೆಳಗಿಳಿಯುತ್ತದೆ. ಸಿಜೆಡ್ 75ರ ಸುರಕ್ಷತಾ ಕೀಲು ಇರುವುದು ಫ್ರೇಮಿನ ಮೇಲೆ, ಅದು ಕೂರುವುದು ಹ್ಯಾಮರ್ ಎತ್ತಿದ್ದಾಗ ಮಾತ್ರ. ಹ್ಯಾಮರ್ ಎತ್ತಿ ಕೀಲು ಹಾಕಿಟ್ಟುಕೊಳ್ಳಬಹುದು, ಅಥವಾ ಹ್ಯಾಮರ್ ಇಳಿಸಿಟ್ಟು ಡಬಲ್ ಆಕ್ಷನ್‌ನಿಂದ ಶುರು ಮಾಡಬಹುದು. ಆಯ್ಕೆ ಬಳಸುವವರದು. ಅಮೆರಿಕದ ಶೂಟಿಂಗ್ ತರಬೇತುದಾರ ಜೆಫ್ ಕೂಪರ್ ದೊಡ್ಡ ಕ್ಯಾಲಿಬರಿನ ಸಿಂಗಲ್ ಆಕ್ಷನ್ ಪಿಸ್ತೂಲುಗಳ ಪಕ್ಷಪಾತಿ. ಅಂಥವರೂ ಈ ವಿನ್ಯಾಸವನ್ನು ಮೆಚ್ಚಿದರು. ಇದರ ರಚನೆಯ ಮೇಲೆಯೇ 10 ಎಂಎಂ ಕಾಡತೂಸಿನ ಬ್ರೆನ್ ಟೆನ್ ಎಂಬ ಪಿಸ್ತೂಲು 1980ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾಯಿತು. ಮ್ಯಾಗಜಿನ್‌ಗಳು ಸಿಗದೆ ಬಹಳ ಪಿಸ್ತೂಲುಗಳು ಅವಿಲ್ಲದೆಯೇ ಗ್ರಾಹಕರನ್ನು ತಲುಪಿದವು. 1986ರಲ್ಲಿ ಅದನ್ನು ಮಾಡುತ್ತಿದ್ದ ಕಂಪನಿ ಮುಚ್ಚಿತು.

ಆದರೆ ಹ್ಯಾಮರನ್ನು ತಾನಾಗಿ ಇಳಿಸುವ ಏರ್ಪಾಡು ಮೂಲ ಮಾದರಿಯಲ್ಲಿ ಇಲ್ಲ. ಕಾಡತೂಸು ತುಂಬಿದ ಮೇಲೆ ಹ್ಯಾಮರ್ ಇಳಿಸಬೇಕೆಂದರೆ ಅದನ್ನು ಹೆಬ್ಬೆರಳಿನಿಂದ ಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಬಿಡಬೇಕು. ಬೆರಳು ಜಾರಿದರೆ ಗುಂಡು ಹಾರುತ್ತದೆ. ಹ್ಯಾಮರ್ ಅರ್ಧದಲ್ಲೇ ಸಿಕ್ಕಿಕೊಳ್ಳುವಂತೆ ಕಚ್ಚು ಮಾಡಿದ್ದು, ಫೈರಿಂಗ್ ಪಿನ್‌ಗೆ ತಡೆ ಹಾಕಿದ 75 ಬಿ, ಹ್ಯಾಮರ್ ಇಳಿಸುವ ಕೀಲಿರುವ 75 ಬಿಡಿ, ಇವೆಲ್ಲ ಒಂದೊಂದಾಗಿ ಬಂದದ್ದು ಈ ಅಪಾಯ ತಗ್ಗಿಸಲು. ಬಿ ಮಾದರಿಯಲ್ಲಿ ಟ್ರಿಗರನ್ನು ಪೂರ್ತಿ ಒತ್ತದ ಹೊರತು ಫೈರಿಂಗ್ ಪಿನ್ ಮುಂದೆ ಹೋಗುವುದಿಲ್ಲ; ಪಿಸ್ತೂಲು ನೆಲಕ್ಕೆ ಬಿದ್ದರೂ ಹಾರದು. ಅದಕ್ಕೆ ತೆತ್ತ ಬೆಲೆ ಎಂದರೆ ಟ್ರಿಗರ್ ಸ್ವಲ್ಪ ಒರಟಾದದ್ದು. 1986ರ ಸಿಜೆಡ್ 85ರಲ್ಲಿ ಸುರಕ್ಷತಾ ಕೀಲು ಮತ್ತು ಸ್ಲೈಡ್ ತಡೆ (ಸ್ಲೈಡನ್ನು ಹಿಂದೆ ನಿಲ್ಲಿಸಿಡುವ ಕೀಲು) ಎರಡೂ ಬದಿಗೆ ಬಂದು ಎಡಗೈಯವರಿಗೂ ಅನುಕೂಲವಾಯಿತು.

ಗುಟ್ಟಾಗಿಟ್ಟ ಪೇಟೆಂಟ್

ಕೌಟ್ಸ್ಕಿ ಅವರಿಗೆ ಸ್ವದೇಶದಲ್ಲಿ ಪೇಟೆಂಟ್ ಸಿಕ್ಕಿತು. ಸರ್ಕಾರ ಅದನ್ನು ರಹಸ್ಯವೆಂದು ವರ್ಗೀಕರಿಸಿತು. ಅಂಥ ಪೇಟೆಂಟ್ ಇದೆಯೆಂದೇ ಹೊರಗಿನವರಿಗೆ ಗೊತ್ತಾಗುವಂತಿರಲಿಲ್ಲ. ವಿದೇಶದಲ್ಲಿ ಅರ್ಜಿ ಹಾಕಲು ಅವರಿಗೂ ಕಾರ್ಖಾನೆಗೂ ಅನುಮತಿ ಇರಲಿಲ್ಲ. ವಿದೇಶಕ್ಕೆ ಮಾರಲೆಂದೇ ಮಾಡಿದ ವಸ್ತುವಿಗೆ ವಿದೇಶದಲ್ಲೇ ಕಾನೂನಿನ ರಕ್ಷಣೆ ಇಲ್ಲದಂತಾಯಿತು.

ಹಾಗಾಗಿ ಬೇರೆ ದೇಶದವರು ಇದೇ ವಿನ್ಯಾಸವನ್ನು ತಡೆಯಿಲ್ಲದೆ ಅನುಸರಿಸಿದರು. ಇಟಲಿಯ ತಾನ್ಫೋಲ್ಯೊ ಕಂಪನಿ ಟಿಎ 90 ಮಾಡಿತು. ಸ್ವಿಟ್ಜರ್ಲೆಂಡಿನಲ್ಲಿ ಎಟಿ 84, ಎಟಿ 88 ಬಂದವು. ಸ್ಫಿಂಕ್ಸ್ ಸಾಲು ಬೆಳೆದದ್ದು ಅಲ್ಲಿಂದ. ಇಸ್ರೇಲ್ 1990ರಲ್ಲಿ ಜೆರಿಕೊ 941 ತಂದಿತು, ಅದರ ಮೂಲ ಭಾಗಗಳು ಇಟಲಿಯವು. ಟರ್ಕಿಯ ಸರ್‌ಸಿಲ್‌ಮಾಜ್, ಚೀನಾದ ನೊರಿಂಕೊ ಕೂಡ ತಮ್ಮ ಆವೃತ್ತಿ ಮಾಡಿದವು. ಇವನ್ನು ಒಟ್ಟಾಗಿ ನಕಲು ಎಂದು ತಳ್ಳಿಹಾಕುವುದು ಸರಿಯಲ್ಲ. ಸ್ವಿಸ್ ಆವೃತ್ತಿಗಳ ಕೆಲಸಗಾರಿಕೆಯನ್ನು ಮೂಲದ ಅಭಿಮಾನಿಗಳೇ ಹೊಗಳುತ್ತಾರೆ. ಒಂದು ಎಚ್ಚರ ಮಾತ್ರ ಬೇಕು: ನೋಡಲು ಒಂದೇ ಥರ ಇದ್ದರೂ ಇವುಗಳ ಭಾಗಗಳು ಒಂದಕ್ಕೊಂದು ಹೊಂದುತ್ತವೆಂದು ನಂಬಿಕೊಳ್ಳಬಾರದು. ಮ್ಯಾಗಜಿನ್ ಕೂಡ ಕೆಲವೊಮ್ಮೆ ಕೂರುವುದಿಲ್ಲ.

ಜೆಕೊಸ್ಲೊವಾಕಿಯಾದ ಪೇಟೆಯಲ್ಲಿ ಸಿಜೆಡ್ 75 ಮಾರಾಟಕ್ಕೆ ಬಂದದ್ದು 1985ರಲ್ಲಿ, ಹುಟ್ಟಿ ಹತ್ತು ವರ್ಷದ ಮೇಲೆ. ತನ್ನ ದೇಶದ ಸೈನ್ಯಕ್ಕೆ ಸೇರಿದ್ದು 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಕುಸಿದ ಬಳಿಕ. ಅಲ್ಲಿಯವರೆಗೆ ಸೈನಿಕರ ಸೊಂಟದಲ್ಲಿದ್ದದ್ದು ಮೊದಲು ವಿಜೆಡ್ 52, ಆಮೇಲೆ ಮಕರೋವ್ ಕಾಡತೂಸಿನ ವಿಜೆಡ್ 82.

ಸ್ಪರ್ಧೆಯ ಅಂಗಳದಲ್ಲಿ

ಓಡಾಡುತ್ತ ಬೇರೆ ಬೇರೆ ಗುರಿಗಳಿಗೆ ಹೊಡೆಯುವ ಐಪಿಎಸ್‌ಸಿ ಸ್ಪರ್ಧೆಯಲ್ಲಿ ಪ್ರೊಡಕ್ಷನ್ ಎಂಬ ವಿಭಾಗವಿದೆ. ಕಾರ್ಖಾನೆಯಿಂದ ಬಂದಂಥ ಪಿಸ್ತೂಲುಗಳಿಗೇ ಅಲ್ಲಿ ಜಾಗ, ಹೆಚ್ಚು ಮಾರ್ಪಾಡಿಗೆ ಅವಕಾಶವಿಲ್ಲ. ಹ್ಯಾಮರ್ ಇರುವ ಪಿಸ್ತೂಲಾದರೆ ಮೊದಲ ಗುಂಡು ಡಬಲ್ ಆಕ್ಷನ್‌ನಲ್ಲೇ ಹಾರಬೇಕು. ಸಿಜೆಡ್‌ಗೆ ಇದು ಹೇಳಿ ಮಾಡಿಸಿದಂತಿತ್ತು: ಭಾರದ ಉಕ್ಕಿನ ದೇಹ, ಒಂದು ಉದ್ದದ ಎಳೆತ ಮುಗಿದರೆ ಉಳಿದವೆಲ್ಲ ಹಗುರ.

2016ರ ಶ್ಯಾಡೋ 2 ಈ ಕ್ರೀಡೆಗೆಂದೇ ಬೆಳೆಸಿದ ಕವಲು. ತೂಕ ಸುಮಾರು 1.3 ಕಿಲೊ. ಕೈ ಬ್ಯಾರಲಿಗೆ ಇನ್ನೂ ಹತ್ತಿರ ಕೂರುವಂತೆ ಫ್ರೇಮಿನ ಹಿಂಭಾಗವನ್ನು ಕೊರೆದಿದ್ದಾರೆ. ಫೈರಿಂಗ್ ಪಿನ್ ತಡೆ ಇದರಲ್ಲಿ ಇಲ್ಲ, ಟ್ರಿಗರ್ ಅಷ್ಟು ನಯವಾಗಿರುವುದಕ್ಕೆ ಅದೂ ಒಂದು ಕಾರಣ. ರೇಂಜಿನಲ್ಲಿ ಅದು ಲಾಭ. ದಿನವಿಡೀ ಸೊಂಟದಲ್ಲಿಟ್ಟು ತಿರುಗುವವರಿಗೆ ಬೇರೆ ಮಾದರಿಗಳಿವೆ. 2017ರ ಪಿ 10 ಸಿ ಯಲ್ಲಿ ಫ್ರೇಮ್ ಪ್ಲಾಸ್ಟಿಕ್ಕಿನದು, ಹ್ಯಾಮರೇ ಇಲ್ಲ. ಒಳ್ಳೆಯ ಪಿಸ್ತೂಲೇ ಹೌದು, ಆದರೆ 75ರ ವಂಶವೃಕ್ಷಕ್ಕೆ ಅದು ದೂರದ ನೆಂಟ.

ಭಾರತಕ್ಕೆ ಇರುವ ನಂಟು

ಭಾರತದಲ್ಲಿ 9 ಎಂಎಂ ಪಿಸ್ತೂಲು ನಿಷೇಧಿತ ಬೋರ್ (ಬೋರ್ ಎಂದರೆ ಬ್ಯಾರಲಿನ ಒಳ ಅಳತೆ). ಸಾಮಾನ್ಯ ಪರವಾನಗಿದಾರರು ಅದನ್ನು ಇಟ್ಟುಕೊಳ್ಳುವಂತಿಲ್ಲ; ಅವರಿಗೆ ಸಿಗುವುದು ಪಾಯಿಂಟ್ 32 ಬೋರಿನಂಥವು. ಹಾಗಾಗಿ ನಮ್ಮ ಹೆಚ್ಚಿನ ಓದುಗರಿಗೆ ಸಿಜೆಡ್ 75 ಚಿತ್ರದಲ್ಲಷ್ಟೇ ಪರಿಚಯ. ಅದರ ನೆಂಟರು ಮಾತ್ರ ಇಲ್ಲಿ ಬಹುಕಾಲದಿಂದ ಇದ್ದಾರೆ. ನಮ್ಮ ಸೇನೆ ಮತ್ತು ಪೊಲೀಸರ ಬಳಿಯಿರುವ, ಇಷಾಪುರದ ರೈಫಲ್ ಕಾರ್ಖಾನೆಯ 9 ಎಂಎಂ 1ಎ ಪಿಸ್ತೂಲು ಅದೇ ಬ್ರೌನಿಂಗ್ ಹೈಪವರ್. ಬ್ಯಾರಲ್ ಕೆಳಗಿಳಿದು ಬೀಗ ಬಿಡಿಸಿಕೊಳ್ಳುವ ರೀತಿ ಎರಡರಲ್ಲೂ ಒಂದೇ. ನಮ್ಮ ಸೈನಿಕರು ದಶಕಗಳ ಕಾಲ ಹೊತ್ತ ಬ್ರೆನ್ ಲೈಟ್ ಮಷಿನ್‌ಗನ್ ಕೂಡ ಹುಟ್ಟಿನಿಂದ ಜೆಕ್ ವಿನ್ಯಾಸ, ಬ್ರನೊ ನಗರದ ಜೆಡ್‌ಬಿ 26ರಿಂದ ಬಂದದ್ದು.

ಹಳೆಯ 75 ನೋಡುವವರು ಗಮನಿಸುವುದು

ಸಂಗ್ರಾಹಕರು ಹೆಚ್ಚು ಹುಡುಕುವುದು ಸುಮಾರು 1980ಕ್ಕೆ ಮೊದಲು ತಯಾರಾದ ಮೊದಲ ಸರಣಿಯನ್ನು. ಗುರುತು ಹಿಡಿಯುವುದು ಸುಲಭ: ಫ್ರೇಮಿನ ಹಳಿಗಳು ಮುಂಭಾಗದಲ್ಲಿ ಬೇಗ ಮುಗಿಯುತ್ತವೆ. ಅದಕ್ಕೇ ಇವನ್ನು 'ಶಾರ್ಟ್ ರೈಲ್' ಎನ್ನುತ್ತಾರೆ. ಇವುಗಳ ಫ್ರೇಮ್ ಉಕ್ಕಿನ ಗಟ್ಟಿಯಿಂದ ಕಡೆದದ್ದು. ಮುಂದೆ ಹಳಿ ಉದ್ದವಾಯಿತು, ಫ್ರೇಮ್ ಎರಕಕ್ಕೆ ಬದಲಾಯಿತು. ಬಾಳಿಕೆಯಲ್ಲಿ ನಂತರದ್ದೇ ಮೇಲು, ಕೈಕೆಲಸದ ಚೆಲುವು ಮೊದಲಿನದರಲ್ಲಿ ಹೆಚ್ಚು. ಸ್ಲೈಡ್, ಫ್ರೇಮ್, ಬ್ಯಾರಲ್ ಮೂರರ ಕ್ರಮಸಂಖ್ಯೆ ಒಂದೇ ಇದೆಯೇ, ಜೆಕ್ ಪರೀಕ್ಷಾಲಯದ ಸಿಂಹದ ಮುದ್ರೆಯ ಬಳಿಯ ಎರಡಂಕಿ ವರ್ಷ ತಾಳೆಯಾಗುತ್ತದೆಯೇ ನೋಡಬೇಕು.

ಬಿಚ್ಚುವ ಮೊದಲು ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು, ಒಳಗೆ ಕಾಡತೂಸಿಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಬೇಕು. ಎಡಬದಿಯ ಹಿಂತುದಿಯಲ್ಲಿ ಸ್ಲೈಡಿಗೊಂದು, ಫ್ರೇಮಿಗೊಂದು ಸಣ್ಣ ಗೆರೆ ಇದೆ. ಸ್ಲೈಡನ್ನು ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸಿ ಎರಡನ್ನೂ ಒಂದೇ ಸಾಲಿಗೆ ತಂದು, ಬಲಬದಿಯಿಂದ ಸ್ಲೈಡ್ ತಡೆಯ ಪಿನ್ ಒತ್ತಿದರೆ ಅದು ಎಡಕ್ಕೆ ಹೊರಬರುತ್ತದೆ. ಆಮೇಲೆ ಸ್ಲೈಡ್ ಮುಂದಕ್ಕೆ ಜಾರಿ ಕೈಗೆ ಬರುತ್ತದೆ. ಬಿಗಿಯಾಗಿದ್ದರೆ ಮ್ಯಾಗಜಿನ್ನಿನ ತಳದಿಂದ ಒತ್ತುತ್ತಾರೆ. ಸುತ್ತಿಗೆ ಬಳಸಿದರೆ ಪಿನ್ನಿನ ತುದಿ ಜಜ್ಜಿ, ಮತ್ತೆ ಕೂರುವುದೇ ಇಲ್ಲ.

ಸಾಮಾನ್ಯವಾಗಿ ಮುರಿಯುವುದೂ ಇದೇ ಪಿನ್. ಬ್ಯಾರಲಿನ ಕೆಳಗಿರುವ ರಂಧ್ರ ಈ ಪಿನ್ನಿನ ಮೇಲೆ ಜಾರುತ್ತಲೇ ಬ್ಯಾರಲನ್ನು ಇಳಿಸಿ ಏರಿಸುತ್ತದೆ, ಪ್ರತಿ ಗುಂಡಿಗೂ ಏಟು ಬೀಳುವುದು ಅದಕ್ಕೇ. ಸ್ಪ್ರಿಂಗ್ ಸಡಿಲಗೊಂಡಿದ್ದರೆ ಏಟು ಇನ್ನೂ ಜೋರು. ಅದಕ್ಕೇ ಹೆಚ್ಚು ಹೊಡೆಯುವವರು ಸ್ಪ್ರಿಂಗನ್ನು ಕಾಲಕಾಲಕ್ಕೆ ಬದಲಿಸಿ, ಒಂದು ಪಿನ್ನನ್ನು ಹೆಚ್ಚಿಗೆ ಇಟ್ಟುಕೊಂಡಿರುತ್ತಾರೆ. 75 ಬಿ ಮಾದರಿಯಲ್ಲಿ ಇನ್ನೊಂದು ದುರ್ಬಲ ಜಾಗವಿದೆ: ಫೈರಿಂಗ್ ಪಿನ್ನನ್ನು ಹಿಡಿದಿರುವ ಟೊಳ್ಳು ಸುರುಳಿ ಪಿನ್. ಕಾಡತೂಸಿಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ ಹೆಚ್ಚಾದರೆ ಅದು ಜಜ್ಜಿ ತುಂಡಾಗಿ ಫೈರಿಂಗ್ ಪಿನ್ ಸಿಕ್ಕಿಬೀಳುತ್ತದೆ. ಅಭ್ಯಾಸಕ್ಕೆ ಸ್ನ್ಯಾಪ್ ಕ್ಯಾಪ್ ಎಂಬ ಹುಸಿ ಕಾಡತೂಸು ಹಾಕಿಕೊಂಡರೆ ಈ ತೊಂದರೆಯಿಲ್ಲ. ಬಿ ಗೂ ಮೊದಲಿನ 75ರಲ್ಲಿ ಆ ಜಾಗದಲ್ಲಿ ಗಟ್ಟಿ ತಗಡೊಂದು ಫೈರಿಂಗ್ ಪಿನ್ನನ್ನು ಹಿಡಿದಿರುತ್ತದೆ, ಈ ದೂರು ಇಲ್ಲ. ವಿಜೆಡ್ 52 ಕೈಗೆ ಬಂದವರು ಮಾತ್ರ ಖಾಲಿ ಟ್ರಿಗರ್ ಒತ್ತಲೇಬಾರದು: ಅದರ ಮೂಲ ಫೈರಿಂಗ್ ಪಿನ್ ಪೆಡಸು, ಖಾಲಿ ಬಡಿದರೆ ತುದಿ ಮುರಿದುಹೋಗುತ್ತದೆ.